ಬೆಟ್ಟದ ಎರಡು ಮೈ

ಮೈಸೂರಿನಿಂದ ನೀಲಗಿರಿಗೆ ಹೋಗುವ ದಾರಿ ತೆಪ್ಪಕಾಡಿನಲ್ಲಿ ಎರಡಾಗುತ್ತದೆ. ನೇರ ಹೋದರೆ ಗೂಡಲೂರು, ಅಲ್ಲಿಂದ ನಡುವಟ್ಟದ ಘಾಟಿ ಹತ್ತಿ ಊಟಿ. ಎಡಕ್ಕೆ ಹೊರಳಿ ಮೋಯಾರ್ ನದಿಯ ಸೇತುವೆ ದಾಟಿದರೆ ಮಸಿನಗುಡಿ, ಆಮೇಲೆ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳು. ಮೊದಲನೆಯದು ಬಸ್ಸು, ಲಾರಿಗಳ ಉದ್ದ ದಾರಿ. ಎರಡನೆಯದು ಹತ್ತಿರದ್ದು, ಆದರೆ ಎದೆಗೆ ಎದೆ ಕೊಟ್ಟು ಹತ್ತಬೇಕು. ಹೊರಗಿನ ಗಾಡಿಗಳು ಕಲ್ಲಟ್ಟಿಯಲ್ಲಿ ಹತ್ತಬಹುದು, ಇಳಿಯುವ ಹಾಗಿಲ್ಲ. ಬ್ರೇಕ್ ಸೋತು ಕಂದಕಕ್ಕೆ ಬಿದ್ದವರು ಅಲ್ಲಿ ಬಹಳ. ಹಾಗಾಗಿ ಬೆಟ್ಟಕ್ಕೆ ಒಂದು ಸುತ್ತು ಹಾಕುವುದಾದರೆ ಕಲ್ಲಟ್ಟಿಯಲ್ಲಿ ಹತ್ತಿ ಗೂಡಲೂರಿನ ಕಡೆ ಇಳಿಯಬೇಕು. ಅದೂ ಮುಂಗಾರಿನಲ್ಲಿ ಹಾಕಬೇಕು, ಮೋಟಾರ್ ಸೈಕಲ್ಲಿನ ಮೇಲೆ ಹಾಕಬೇಕು. ಆಷಾಢದಲ್ಲಿ ಬೆಟ್ಟದ ಒಂದು ಮೈಗೆ ಧೂಳು, ಇನ್ನೊಂದಕ್ಕೆ ಜಡಿಮಳೆ. ಒಂದೇ ಹಗಲಿನಲ್ಲಿ ಎರಡನ್ನೂ ಮುಖದ ಮೇಲೆ ತೆಗೆದುಕೊಳ್ಳದೆ ನೀಲಗಿರಿ ಎಂದರೇನು ಎಂದು ತಿಳಿಯುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ನನ್ನ ಗಾಡಿ ಹಳೆಯ ಯೆಜ್ಡಿ ರೋಡ್‌ಕಿಂಗ್. ಮೈಸೂರಿನವರಿಗೆ ಯೆಜ್ಡಿ ನೆಂಟನಲ್ಲ, ಮನೆಮಗ. ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಇಲ್ಲೇ ತಯಾರಿಸಲು ಯಾದವಗಿರಿಯಲ್ಲಿ, ಮುಂದೆ ಯೆಜ್ಡಿ ಹುಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ತೆರೆದದ್ದು 1960ರ ದಶಕದ ಆರಂಭದಲ್ಲಿ, ಬಾಗಿಲು ಮುಚ್ಚಿದ್ದು 1996ರಲ್ಲಿ. ನಡುವಿನ ಮೂರೂವರೆ ದಶಕ ಒಂಟಿಕೊಪ್ಪಲು, ಯಾದವಗಿರಿಯ ಕಡೆಯ ಎಷ್ಟೋ ಮನೆಗಳ ಅನ್ನ ಅಲ್ಲಿಂದ ಬರುತ್ತಿತ್ತು. ನನ್ನ ಸೋದರಮಾವ ಅಲ್ಲಿ ಎಂಜಿನ್ ಜೋಡಿಸುವ ಕಡೆ ಇದ್ದರು. ಗಾಡಿ ಅವರದು, ಅದನ್ನು ಓಡಿಸುವ ವಿದ್ಯೆಯೂ ಅವರದೇ. ಕಿಕ್ ಹೊಡೆದ ಕಾಲುಸನ್ನೆಯನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ಮಡಚಿದರೆ ಅದೇ ಗೇರ್ ಆಗುವುದು, ಎರಡು ಕಡೆಗೂ ಎರಡು ಸೈಲೆನ್ಸರ್, ಪೆಟ್ರೋಲಿಗೆ ಲೀಟರಿಗೆ 40 ಎಂ.ಎಲ್. ಲೆಕ್ಕದಲ್ಲಿ ಬೆರೆಸುವ ಟೂಟಿ ಆಯಿಲ್, ಇವೆಲ್ಲ ಆ ಗಾಡಿ ಕಂಡವರಿಗೆ ಗೊತ್ತು. ಮಾವ ಕಲಿಸಿದ್ದು ಬೇರೆ: ಮೀಟರ್ ನೋಡಬೇಡ, ಸದ್ದು ಕೇಳು. ಎಂಜಿನ್ನಿನ ಸದ್ದು ದಪ್ಪವಾದರೆ ಗೇರ್ ಇಳಿಸು, ತೆಳ್ಳಗಾದರೆ ಏರಿಸು. ಘಾಟಿಯಲ್ಲಿ ಇದಕ್ಕಿಂತ ಹೆಚ್ಚಿನ ಶಾಸ್ತ್ರ ಬೇಕಿಲ್ಲ.

ಇಂಥದ್ದೇ ಒಂದು ಸುತ್ತಿಗೆ ಹೊರಟ ದಿನ ನಂಜನಗೂಡಿನಲ್ಲಿ ಕಪಿಲೆ ದಾಟುವಾಗ ಇನ್ನೂ ಮಬ್ಬುಗತ್ತಲು. ವಯನಾಡಿನ ಮಳೆಯನ್ನೆಲ್ಲ ಹೊತ್ತು ನದಿ ಕೆಂಪಗೆ ತುಂಬಿತ್ತು, ಮೈಸೂರಿನಲ್ಲಿ ಮಾತ್ರ ಆ ವಾರ ನಾಲ್ಕು ಹನಿ. ಗುಂಡ್ಲುಪೇಟೆ ಹತ್ತಿರವಾದಂತೆ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂವು. ಕಾರಿನವರು ಇಲ್ಲಿ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಬೈಕಿನವನಿಗೆ ಹೊಲ ಕಣ್ಣಿಗೆ ಬೀಳುವ ಮೊದಲೇ ಚೆಂಡುಹೂವಿನ ಘಾಟು ಮೂಗಿಗೆ ಬಂದಿರುತ್ತದೆ. ಈ ಹೂವು ಬಹುಮಟ್ಟಿಗೆ ದೇವರಿಗೂ ಹೋಗುವುದಿಲ್ಲ, ಮದುವೆ ಚಪ್ಪರಕ್ಕೂ ಹೋಗುವುದಿಲ್ಲ. ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಹೋಗುತ್ತದೆ. ಮುಂಗಾರು ಸ್ವಲ್ಪ ಕೈಕೊಟ್ಟರೂ ನಿಭಾಯಿಸುವ ಬೆಳೆ ಎಂದು ರೈತರು ಅದನ್ನು ನಂಬಿದ್ದಾರೆ. ಬಲಗಡೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಮೋಡದೊಳಗಿತ್ತು. ಅದರ ಎತ್ತರ 1454 ಮೀಟರ್. ಆ ದಿನ ನಾನು ಏರಬೇಕಾದ ಎತ್ತರದ ಮುಂದೆ ಅದು ಚಿಕ್ಕದು, ಆದರೂ ಮೈಸೂರು ಸೀಮೆಯ ಬಯಲು ಮುಗಿಯಿತು ಎಂದು ಮೊದಲು ಹೇಳುವುದು ಅದೇ ಬೆಟ್ಟ.

ಬಂಡೀಪುರದ ಗೇಟು ಆರಕ್ಕೆ ತೆರೆಯುತ್ತದೆ. ಕಾಡಿನೊಳಗೆ ನಿಲ್ಲಬಾರದು, ಹಾರನ್ ಮಾಡಬಾರದು, ವೇಗ ಮಾಡಬಾರದು. ಬೈಕಿನವನಿಗೆ ಇವನ್ನು ಬೋರ್ಡು ಹಾಕಿ ಹೇಳಬೇಕಾಗಿಲ್ಲ. ಅವನ ಸುತ್ತ ಗಾಜಿಲ್ಲ, ತಗಡಿಲ್ಲ. ಒಂದು ತಿರುವಿನಲ್ಲಿ ಮುಂದಿನ ಜೀಪು ತಣ್ಣಗೆ ನಿಂತುಬಿಟ್ಟಿತು. ನಾನೂ ದೂರದಲ್ಲೇ ನಿಂತೆ. ಎಡಗಡೆಯ ಪೊದೆಯಿಂದ ಹೆಣ್ಣಾನೆಯೊಂದು ಹೊರಬಂದು, ರಸ್ತೆಯ ನಡುವೆ ನಿಂತು, ಹಿಂದಿನ ಮರಿಗಳು ದಾಟುವವರೆಗೂ ನಮ್ಮ ಕಡೆಗೇ ಮುಖ ಮಾಡಿಕೊಂಡಿತ್ತು. ಅದರ ಕಿವಿಗಳು ಬೀಸುವುದನ್ನು ನಿಲ್ಲಿಸಿದಾಗ ನನ್ನ ಬೆನ್ನು ನೆಟ್ಟಗಾಯಿತು. ಮತ್ತೆ ಬೀಸತೊಡಗಿದಾಗ ಉಸಿರು ಬಂತು. ರಸ್ತೆಯಂಚಿನ ಆ ಪೊದೆಯಲ್ಲಿ ಮುಕ್ಕಾಲು ಪಾಲು ಲಂಟಾನ. ಹಳದಿ ಹೂವಿನ ಸೆನ್ನಾ ಮರಗಳೂ ಈಗ ಎಲ್ಲೆಂದರಲ್ಲಿ ಎದ್ದಿವೆ. ಎರಡೂ ಅಮೆರಿಕ ಖಂಡಗಳ ಗಿಡಗಳು, ಅಂದಕ್ಕೆಂದು ತಂದು ನೆಟ್ಟವು. ಹುಲ್ಲು ಬೆಳೆಯಬೇಕಾದ ನೆಲವನ್ನು ಅವು ನುಂಗಿದಷ್ಟೂ ಆನೆ, ಕಡವೆ, ಕಾಟಿಗಳಿಗೆ ಮೇವು ತಪ್ಪುತ್ತದೆ. ನೋಡುವವರಿಗೆ ಹಸಿರಾಗಿ ಕಾಣುವ ಕಾಡು ತಿನ್ನುವವರಿಗೆ ಬರಿದು. ಇದು ಈ ರಸ್ತೆಯಲ್ಲಿ ನನ್ನನ್ನು ಪ್ರತಿ ಸಲವೂ ಕಾಡುವ ಸಂಕಟ.

ಕೆಕ್ಕನಹಳ್ಳದಲ್ಲಿ ಕರ್ನಾಟಕ ಮುಗಿಯುತ್ತದೆ. ಅಲ್ಲಿರುವುದು ಒಂದು ಹಳ್ಳ, ಅದರ ಎರಡೂ ಕಡೆ ಒಂದೇ ಜಾತಿಯ ಮರಗಳು, ಒಂದೇ ಮಂಗನ ಹಿಂಡು. ಆಚೆ ಮುದುಮಲೆ, ಈಚೆ ಬಂಡೀಪುರ. ತಮಿಳುನಾಡಿನ ಚೆಕ್‌ಪೋಸ್ಟಿನಲ್ಲಿ ಇ-ಪಾಸ್ ನೋಡಿದರು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ನೀಲಗಿರಿಗೆ ಬರುವ ಪ್ರವಾಸಿ ಗಾಡಿಗಳಿಗೆ ಅದು ಬೇಕು. ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ನೀರಿನ ಬಾಟಲಿ ಇದೆಯೇ ಎಂದು ಹುಡುಕಿದರು. ಸ್ಟೀಲಿನ ಬಾಟಲಿ ನೋಡಿ ತಲೆಯಾಡಿಸಿ ಬಿಟ್ಟರು. ಈ ತಪಾಸಣೆಗೆ ಗೊಣಗುವವರು ಇದ್ದಾರೆ. ನನಗೆ ಅದು ಸಮಾಧಾನ ಕೊಡುತ್ತದೆ. ಬೆಟ್ಟಕ್ಕೆ ಎಷ್ಟು ಜನ ಹೋಗಬಹುದು, ಏನನ್ನು ಒಯ್ಯಬಾರದು ಎಂದು ಯಾರಾದರೂ ಬಾಗಿಲಲ್ಲಿ ನಿಂತು ಕೇಳಬೇಕಾದ ಕಾಲ ಬಂದಿದೆ.

ಗಡಿ ಎಂದರೆ 1956ರ ಭಾಷಾವಾರು ವಿಂಗಡಣೆ ನೆನಪಾಗುತ್ತದೆ. ಈ ಗೆರೆಯ ಬೇರು ಅದಕ್ಕಿಂತ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡಾಗ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಕೆಳಗಿನ ಬಯಲು ಒಡೆಯರಿಗೆ ಉಳಿಯಿತು. ಸೋತ ಊರಿನಲ್ಲಿ ಕೂತು ಹಾಕಿದ ಗೆರೆ ಇನ್ನೂ ಇಲ್ಲಿ ಗೇಟು ಏರಿಸಿ ಇಳಿಸುತ್ತಿದೆ. ಆಮೇಲೆ ಅದೇ ಮೈಸೂರಿನ ಅರಸರು ಬೇಸಿಗೆ ಕಳೆಯಲು ಊಟಿಯ ಫರ್ನ್‌ಹಿಲ್ ಅರಮನೆಗೆ ಇದೇ ಬೆಟ್ಟ ಹತ್ತುತ್ತಿದ್ದರು.

ತೆಪ್ಪಕಾಡಿನಲ್ಲಿ ಸಾಕಾನೆಗಳ ಶಿಬಿರವಿದೆ. 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರ ಇಲ್ಲಿಯದು. ಆ ಚಿತ್ರ ಬಂದ ಮೇಲೆ ಜನ ಹೆಚ್ಚು, ನಾನು ನಿಲ್ಲಲಿಲ್ಲ. ಸೇತುವೆ ದಾಟಿದೆ. ಅಲ್ಲಿಂದ ಮಸಿನಗುಡಿಯವರೆಗಿನ ಏಳೆಂಟು ಕಿಲೋಮೀಟರಿನಲ್ಲಿ ಗಾಳಿ ಬದಲಾಗುತ್ತದೆ. ಗಡಿಯಲ್ಲಿ ಬದಲಾಗದ ಕಾಡು ಇಲ್ಲಿ ಬದಲಾಗುತ್ತದೆ. ಮರಗಳು ಕುಳ್ಳಗಾಗಿ, ಮುಳ್ಳು ಹೆಚ್ಚಿ, ನೆಲದ ಕೆಂಪು ಕಾಣಿಸುತ್ತದೆ. ನೈಋತ್ಯದ ಮಾರುತ ನೀಲಗಿರಿಯ ಪಶ್ಚಿಮದ ಗೋಡೆಗೆ ಬಡಿದು ಅಲ್ಲೇ ಹೊರೆ ಇಳಿಸುತ್ತದೆ, ಈ ಸೀಗೂರಿನ ತಪ್ಪಲಿಗೆ ದಾಟಿ ಬರುವುದು ಬರೀ ಗಾಳಿ. ಪಶ್ಚಿಮದ ಅಂಚಿನ ಅವಲಾಂಚಿಯಲ್ಲಿ 2019ರ ಆಗಸ್ಟಿನಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಿತ್ತು. ಮಸಿನಗುಡಿಯ ರೈತ ಅಷ್ಟು ಮಳೆಗೆ ಹೆಚ್ಚುಕಡಿಮೆ ವರ್ಷವಿಡೀ ಕಾಯುತ್ತಾನೆ. ಅಂದು ಬೆಳಗ್ಗೆ ಮಸಿನಗುಡಿಯಲ್ಲಿ ನಿಂತು ತಲೆಯೆತ್ತಿದರೆ ಮೇಲೆ, ಬೆಟ್ಟದ ಏಣಿನುದ್ದಕ್ಕೂ, ಉಕ್ಕಿದ ಹಾಲು ಪಾತ್ರೆಯ ಕಂಠಕ್ಕೆ ಬಂದು ನಿಂತ ಹಾಗೆ ಬಿಳಿ ಮೋಡ. ಒಂದು ಹನಿ ಈಚೆ ಚೆಲ್ಲಿರಲಿಲ್ಲ. ನನ್ನ ಬೂಟಿನ ಮೇಲೆ ಧೂಳಿತ್ತು.

ಕಲ್ಲಟ್ಟಿ ಘಾಟಿ ತಿರುವುಗಳನ್ನು ಎಣಿಸಿಕೊಂಡೇ ಹತ್ತಿಸುತ್ತದೆ. ಒಂದೊಂದು ತಿರುವಿಗೂ ಅದರ ಸಂಖ್ಯೆಯ ಬೋರ್ಡು. ಮಸಿನಗುಡಿಯಿಂದ ಮೇಲಿನ ಸಮತಟ್ಟಿಗೆ ಸಾವಿರ ಮೀಟರಿಗೂ ಮಿಕ್ಕಿದ ಏರು, ಅದರ ಬಹುಪಾಲು ಈ ಹತ್ತು ಹನ್ನೆರಡು ಕಿಲೋಮೀಟರಿನೊಳಗೆ. ಇಂಥ ಕಡೆ ತಿರುವಿಗೆ ಬಂದ ಮೇಲೆ ಗೇರ್ ಇಳಿಸಿದರೆ ಕೆಲಸ ಕೆಟ್ಟಿತು. ತಿರುವು ಕಾಣುವಾಗಲೇ ಎರಡನೇ ಗೇರು, ಕೆಲವಕ್ಕೆ ಮೊದಲನೆಯದು. ಕಣ್ಣು ಚಕ್ರದ ಮುಂದೆ ಇರಬಾರದು, ತಿರುವು ಮುಗಿಯುವ ಕಡೆ ಇರಬೇಕು. ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ. ಎಡಕ್ಕೆ ಹೊರಳುವ ತಿರುವು ಚಿಕ್ಕದು, ಚೂಪು; ಬೆಟ್ಟದ ಮೈಗೆ ಅಂಟಿಕೊಂಡು ಸುತ್ತಬೇಕು. ಬಲಕ್ಕೆ ಹೊರಳುವುದು ಅಗಲ, ಆದರೆ ಪಕ್ಕದಲ್ಲಿ ಆಳ. ಹತ್ತು ಹನ್ನೆರಡು ತಿರುವು ಕಳೆದ ಮೇಲೆ ಕೈಕಾಲುಗಳಿಗೆ ಒಂದು ಲಯ ಸಿಗುತ್ತದೆ. ಆಮೇಲೆ ಯೋಚನೆ ಇಲ್ಲ, ಗಾಡಿಯ ಸದ್ದು ಮಾತ್ರ ಇರುತ್ತದೆ, ಅದಕ್ಕೆ ಕಾಲು ತಾನಾಗಿ ಉತ್ತರ ಕೊಡುತ್ತದೆ. ನನಗೆ ಬದುಕಿನಲ್ಲಿ ಸಿಕ್ಕ ನಿರ್ಮಲವಾದ ಸುಖಗಳಲ್ಲಿ ಇದೊಂದು.

ಇಪ್ಪತ್ತೈದನೆಯ ತಿರುವಿನ ಆಚೆಗೆ ಸದ್ದು ಮಂಕಾಯಿತು. ರೋಗವೇನಲ್ಲ. ಎರಡು ಸಾವಿರ ಮೀಟರಿನ ಎತ್ತರದಲ್ಲಿ ಗಾಳಿ ಮೈಸೂರಿನಷ್ಟು ಗಟ್ಟಿ ಇರುವುದಿಲ್ಲ. ಕಾರ್ಬೊರೇಟರ್ ಮಾತ್ರ ಕೆಳಗಿನ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತಿರುತ್ತದೆ. ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಪ್ಲಗ್ ಕಪ್ಪಗಾಗುತ್ತದೆ, ಎಳೆತ ಕುಗ್ಗುತ್ತದೆ. ಹೊಸ ಗಾಡಿಗಳಲ್ಲಿ ಸೆನ್ಸರ್ ಇದನ್ನು ತಾನೇ ಸರಿದೂಗಿಸಿಕೊಳ್ಳುವುದರಿಂದ ಓಡಿಸುವವನಿಗೆ ಎತ್ತರ ಗೊತ್ತಾಗುವುದೇ ಇಲ್ಲ. ಯೆಜ್ಡಿ ಹೇಳುತ್ತದೆ. ಎತ್ತರವನ್ನು ನನ್ನ ಶ್ವಾಸಕ್ಕಿಂತ ಮೊದಲು ಅದರ ಶ್ವಾಸ ಗುರುತಿಸಿತು. ಅವಸರಪಡಿಸದೆ ಮೊದಲ ಗೇರಿನಲ್ಲೇ ಏರಿಸಿದೆ.

ಘಾಟಿ ಮುಗಿದು ತಲೈಕುಂದದಲ್ಲಿ ಊಟಿ–ಗೂಡಲೂರು ರಸ್ತೆ ಸೇರುತ್ತದೆ. ಎಡಕ್ಕೆ ಊಟಿ. ಹೋಗಲಿಲ್ಲ; ಆ ಊರಿನ ಹೋಟೆಲು, ಹಾರನ್ನು, ಚಾಕಲೇಟ್ ಅಂಗಡಿಗಳ ಬಗ್ಗೆ ಹೇಳುವಂಥದ್ದೂ ಏನಿಲ್ಲ. ಜಂಕ್ಷನ್ನಿನಲ್ಲಿ ಚಹಾ, ಬಿಸಿ ಬಜ್ಜಿ ಮಾರುವ ಬಡಗ ಹೆಂಗಸೊಬ್ಬರ ಅಂಗಡಿಯಲ್ಲಿ ಕೂತೆ. ಅವರು ಬಡಗದಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಇಬ್ಬರಿಗೂ ಬಹುಪಾಲು ತಿಳಿಯಿತು, ತಿಳಿಯದ್ದಕ್ಕೆ ನಕ್ಕೆವು. ಮೈಸೂರು ಎಂದಾಗ ‘ನಮ್ಮ ಹಿರಿಯರೂ ಅಲ್ಲಿಂದಲೇ ಬಂದವರು’ ಎಂಬ ಅರ್ಥದ ಮಾತು ಆಡಿದರು. ಬಡಗರು ಶತಮಾನಗಳ ಹಿಂದೆ ಬಡಗಣ ಸೀಮೆಯಿಂದ, ಮೈಸೂರಿನ ಬಯಲಿನಿಂದ ಬೆಟ್ಟ ಹತ್ತಿದವರು. ಬೆಟ್ಟದ ಮೇಲೆ ಆಗಲೇ ಎಮ್ಮೆ ಸಾಕುತ್ತಿದ್ದ ತೊದವರು, ಕುಂಬಾರಿಕೆ, ಕಮ್ಮಾರಿಕೆ ಬಲ್ಲ ಕೋತರು ಇದ್ದರು. ಇವರು ಬಂದು ಹೊಲ ಮಾಡಿದರು. ಕಂಪನಿಯವರು ಗೆರೆ ಎಳೆಯುವ ಎಷ್ಟೋ ಮುಂಚೆ ಅವರು ನಾನು ಬೆಳಗ್ಗೆ ಹತ್ತಿದ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿದ್ದಾರೆ. ಆ ಅಂಗಡಿಯಲ್ಲಿ ಹೊರರಾಜ್ಯದಲ್ಲಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ.

ಬಲಕ್ಕೆ ಹೊರಳಿ ಸ್ವಲ್ಪ ದೂರದಲ್ಲೇ ಮಳೆ ಸಿಕ್ಕಿತು. ಶುರುವಾಯಿತು ಎನ್ನುವುದಕ್ಕಿಂತ ಅದರೊಳಕ್ಕೆ ಹೊಕ್ಕೆ ಎನ್ನಬೇಕು. ಅರ್ಧ ಕಿಲೋಮೀಟರ್ ಹಿಂದೆ ಒಣ ಡಾಂಬರು, ಇಲ್ಲಿ ಗುಡುಗಿಲ್ಲದ, ಗಾಳಿಯ ಜೊತೆ ಅಡ್ಡಡ್ಡ ಬೀಸುವ ಸಣ್ಣ ಮಳೆ. ರೇನ್‌ಕೋಟಿನ ಕುತ್ತಿಗೆಯಿಂದ ಇಳಿದ ಮೊದಲ ಹನಿ ಎದೆಯವರೆಗೆ ಹೋಗಿ ತಲುಪುವುದನ್ನು ಪೂರ್ತಿ ಅನುಭವಿಸಿದೆ. ಕೆಕ್ಕನಹಳ್ಳದಲ್ಲಿ ಕಾಗದ ತೋರಿಸಿ ದಾಟಿದ ಗಡಿ ಮೈಗೆ ಗೊತ್ತಾಗಿರಲಿಲ್ಲ. ಈ ಗಡಿಯಲ್ಲಿ ಯಾರೂ ಏನನ್ನೂ ಕೇಳಲಿಲ್ಲ, ಆದರೆ ದಾಟಿದ್ದು ಮೂಳೆಗೆ ತಿಳಿಯಿತು.

ಪೈಕಾರದಲ್ಲಿ ನದಿ ಉಕ್ಕುತ್ತಿತ್ತು. ಮುಕುರ್ತಿಯ ಕಡೆ ಹುಟ್ಟುವ ಈ ನೀರು ತೊದವರಿಗೆ ಪವಿತ್ರ. 1932ರಿಂದ ಇದರಲ್ಲಿ ವಿದ್ಯುತ್ ತೆಗೆಯುತ್ತಿದ್ದಾರೆ. ಬೆಟ್ಟದ ಅಂಚಿನಿಂದ ಕೊಳವೆಗಳಲ್ಲಿ ನೀರು ಧುಮುಕುವುದು ಮಸಿನಗುಡಿಯ ಬಳಿಯ ಸಿಂಗಾರಕ್ಕೆ. ಇದೇ ನದಿ ಮುಂದೆ ಮೋಯಾರ್ ಎನಿಸಿಕೊಂಡು ತೆಪ್ಪಕಾಡಿನಲ್ಲಿ ಆನೆಗಳನ್ನು ಮೀಯಿಸುತ್ತದೆ, ಆಳವಾದ ಕಮರಿ ಕೊರೆದು ಒಂದಿಷ್ಟು ದೂರ ಎರಡು ರಾಜ್ಯಗಳ ನಡುವಿನ ಗಡಿಯಾಗಿ ಹರಿಯುತ್ತದೆ, ಭವಾನಿಯನ್ನು ಸೇರಿ ಕೊನೆಗೆ ಕಾವೇರಿಗೆ ಬೀಳುತ್ತದೆ. ಬೆಳಗ್ಗೆ ನಂಜನಗೂಡಿನಲ್ಲಿ ದಾಟಿದ ಕಪಿಲೆಯೂ ತಿರುಮಕೂಡಲಿನಲ್ಲಿ ಕಾವೇರಿಯನ್ನೇ ಸೇರುವುದು. ಮಳೆಗಾಲದ ಆ ದಿನ ಅಲ್ಲಿಯವರೆಗೆ ನನಗೆ ಎದುರಾದ ಹೊಳೆಗಳೆಲ್ಲ ಒಂದೇ ನದಿಯ ಕಡೆಗೆ ಹೊರಟಿದ್ದವು. ಆ ನದಿಗಾಗಿ ಎರಡು ರಾಜ್ಯಗಳು ಕೋರ್ಟಿನಲ್ಲಿ ಎಷ್ಟು ವರ್ಷ ನಿಂತವು ಎಂದು ನೆನೆದರೆ ಮನಸ್ಸು ಭಾರವಾಗುತ್ತದೆ.

ನಡುವಟ್ಟದಲ್ಲಿ ಮಂಜು. ಹೆಡ್‌ಲೈಟಿನ ಮುಂದೆ ಹತ್ತು ಅಡಿ ರಸ್ತೆ, ಆಮೇಲೆ ಬಿಳಿ. ಕ್ವಿನೈನ್‌ಗಾಗಿ ಬ್ರಿಟಿಷರು 1860ರ ದಶಕದಲ್ಲಿ ಸಿಂಕೋನಾ ಬೆಳೆಸಿದ ಗುಡ್ಡಗಳು ಇವು. ಅಂದು ಗುಡ್ಡವೂ ಕಾಣಲಿಲ್ಲ, ಮರವೂ ಕಾಣಲಿಲ್ಲ. ಇಲ್ಲಿಂದ ಗೂಡಲೂರಿಗೆ ಇಳಿಜಾರು. ಟೂ-ಸ್ಟ್ರೋಕ್ ಗಾಡಿಯವನು ಇಲ್ಲಿ ಒಂದು ಮಾತು ಮರೆಯಬಾರದು. ಇದರ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ, ಪಿಸ್ಟನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಬಂದರೆ ಮಾತ್ರ. ಎಕ್ಸಲೇಟರ್ ಪೂರ್ತಿ ಮುಚ್ಚಿ ಗೇರಿನ ಬಿಗಿಯಲ್ಲಿ ಉದ್ದಕ್ಕೂ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಇಲ್ಲ. ಪಿಸ್ಟನ್ ಕಚ್ಚಿಕೊಳ್ಳಲು ಅಷ್ಟು ಸಾಕು, ಹಿಂದಿನ ಚಕ್ರ ಅಲ್ಲೇ ಲಾಕ್. ಅದಕ್ಕೇ ಮಾವ ಹೇಳುತ್ತಿದ್ದರು: ಇಳಿಯುವಾಗಲೂ ಆಗಾಗ ಒಂದು ರೇಸ್ ಕೊಡು, ಗಾಡಿಗೆ ಗುಟುಕು ನೀರು ಕುಡಿಸು. ನಿಧಾನವಾಗಿ, ತಿರುವಿಗೊಮ್ಮೆ ಕುಡಿಸುತ್ತಾ ಇಳಿದೆ. ಒದ್ದೆ ರಸ್ತೆಯಲ್ಲಿ ಮುಂದಿನ ಬ್ರೇಕ್ ಮುಟ್ಟಿದ್ದು ಕಡಿಮೆ. ಮಂಜು ಸರಿದಲ್ಲೆಲ್ಲ ಚಹಾ ತೋಟ.

ಗೂಡಲೂರಿನ ಈ ತೋಟಗಳ ಮುಂದೆ ನಾನು ಯಾವಾಗಲೂ ವೇಗ ಕಮ್ಮಿ ಮಾಡುತ್ತೇನೆ. 1964ರಲ್ಲಿ ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮತ್ತು ಲಾಲ್ ಬಹಾದೂರ್ ಶಾಸ್ತ್ರಿ ಸಹಿ ಹಾಕಿದ ಒಪ್ಪಂದದಂತೆ ಸಿಲೋನಿನ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ತಮಿಳರಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಭಾರತ ಒಪ್ಪಿಕೊಳ್ಳಬೇಕಾಯಿತು. ತಲೈಮನ್ನಾರಿನಿಂದ ಹಡಗು, ರಾಮೇಶ್ವರ, ಮಂಡಪಂ ಶಿಬಿರ. ಅಲ್ಲಿಂದ ಬಹಳ ಜನ ನೀಲಗಿರಿಗೆ. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ ಇಲ್ಲಿ ಚಹಾ ತೋಟಗಳನ್ನು ಎಬ್ಬಿಸಿತು. ಗೂಡಲೂರಿಗೆ ಮುಂಚಿನ ಅಂಗಡಿಯೊಂದರಲ್ಲಿ ಮಳೆಗೆ ನಿಂತಾಗ ಪಕ್ಕದಲ್ಲಿದ್ದ ಮುದುಕರೊಬ್ಬರು ಮಾತಿಗೆ ಬಂದರು. ನನ್ನ ಮೈಸೂರಿನ ಹರಕು ತಮಿಳನ್ನು ತಾಳಿಕೊಂಡು, ತಾನು ಹ್ಯಾಟನ್ನಿನ ಹತ್ತಿರದ ತೋಟದ ಲೈನ್ ಮನೆಯಲ್ಲಿ ಹುಟ್ಟಿದ್ದು, ಹುಡುಗನಾಗಿದ್ದಾಗ ಹಡಗು ಹತ್ತಿದ್ದು ಹೇಳಿದರು. ಅಲ್ಲಿ ‘ಇಂಡಿಯಾದವರು’ ಎನ್ನುತ್ತಿದ್ದರಂತೆ, ಇಲ್ಲಿಗೆ ಬಂದ ಮೇಲೆ ‘ಸಿಲೋನಿನವರು’. ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ಎರಡೂ ಕಡೆಯ ಚಹಾದ ಎಲೆಯ ಅಗಲ, ಇಬ್ಬನಿ, ಕೂಲಿ ಇವನ್ನು ಹೋಲಿಸಿ ಹೇಳಿದರು. ಹಡಗಿನಲ್ಲಿ ಅವರ ತಾಯಿ ಮಡಿಲಲ್ಲಿ ಇಟ್ಟುಕೊಂಡು ತಂದ ಅರೆಯುವ ಕಲ್ಲು ಇನ್ನೂ ಮನೆಯಲ್ಲಿದೆಯಂತೆ. ಬೈಕಿನಲ್ಲಿ ಗಡಿ ದಾಟಿದೆ ಎಂದು ಬೀಗುವವರು, ಬೇರೆಯವರು ಹಾಕಿದ ಸಹಿಗೆ ಕಲ್ಲು ಹೊತ್ತು ಸಮುದ್ರ ದಾಟಿದವರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ನಾನು ಮಳೆ ನಿಂತ ಮೇಲೂ ಕೂತಿದ್ದೆ.

ಗೂಡಲೂರಿನಿಂದ ತೆಪ್ಪಕಾಡಿಗೆ ಬರುವಷ್ಟರಲ್ಲಿ ಮಳೆ ತೆಳುವಾಗಿ, ಬಂಡೀಪುರದಲ್ಲಿ ರಸ್ತೆ ಒಣಗಿತ್ತು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಈ ರಸ್ತೆ ಮುಚ್ಚುತ್ತದೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಡಳಿತ ಹಾಕಿದ ನಿಷೇಧವನ್ನು ಮರುವರ್ಷ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಅದನ್ನು ತೆಗೆಯಬೇಕೆಂದು ವ್ಯಾಪಾರದವರು, ಕೇರಳದವರು ಕೇಳುತ್ತಲೇ ಇದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೂ ತೆಗೆಯಬಾರದು. ಕತ್ತಲಲ್ಲಿ ಹೆಡ್‌ಲೈಟಿಗೆ ಕಣ್ಣು ಕುಕ್ಕಿ ಅಲ್ಲೇ ನಿಂತುಬಿಡುವ ಜಿಂಕೆಗೆ ಲಾರಿಯ ತುರ್ತು ಗೊತ್ತಿಲ್ಲ. ಹಗಲು ಹದಿನೈದು ಗಂಟೆ ನಮಗೆ ಬಿಟ್ಟುಕೊಟ್ಟ ಕಾಡು ಉಳಿದ ಒಂಬತ್ತು ಗಂಟೆಯಾದರೂ ತನ್ನದಾಗಿರಲಿ ಎಂದು ಕೇಳಿದರೆ ಅದು ದೊಡ್ಡ ಬೇಡಿಕೆಯಲ್ಲ.

ಗುಂಡ್ಲುಪೇಟೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಒದ್ದೆ ಕೋಟು ಹಿಂಡುತ್ತಿದ್ದಾಗ ಪಕ್ಕದ ಲಾರಿಯ ಡ್ರೈವರ್ ಇಳಿದು ಬಂದ. ಬೀನ್ಸು, ಟೊಮೆಟೊ ಹೇರುತ್ತಿದ್ದರು. ಒಂಬತ್ತರೊಳಗೆ ಮುಗಿಯುವ ಹಾಗೆ ಕಾಣಲಿಲ್ಲ, ಬೆಳಗ್ಗೆ ಆರಕ್ಕೆ ಗೇಟಿನಲ್ಲಿ ಮೊದಲನೆಯವನಾಗಿ ನಿಲ್ಲುವುದು ಅವನ ಲೆಕ್ಕ. ಲಾರಿ ಗೂಡಲೂರಿನ ಮೇಲೆ ಊಟಿಗೆ.

‘ಎತ್ತಗಿಂದ ಬಂದ್ರಿ ಸಾ? ನಡುವಟ್ಟದಲ್ಲಿ ಮಂಜಿತ್ತಾ?’

ಮಧ್ಯಾಹ್ನ ದಟ್ಟವಾಗಿತ್ತು, ಪೈಕಾರದಿಂದಲೇ ಮಳೆ, ಗೂಡಲೂರಿನ ಮೇಲಿನ ಎರಡು ತಿರುವುಗಳಲ್ಲಿ ಮಣ್ಣು ರಸ್ತೆಗೆ ಇಳಿದಿದೆ, ಒಂದು ಕಡೆ ಒಂದೇ ಗಾಡಿಗೆ ಜಾಗ ಎಂದೆ. ಯಾವ ತಿರುವು, ಮಣ್ಣು ಎಡಕ್ಕೋ ಬಲಕ್ಕೋ ಎಂದು ಕೇಳಿಕೊಂಡ. ಹೇಳಿದೆ. ಅವನು ಲಾರಿಯ ಮೇಲಿದ್ದ ಹುಡುಗನನ್ನು ಕೂಗಿ, ಟಾರ್ಪಾಲಿನ್ ಎರಡು ಸುತ್ತು ಕಟ್ಟು, ಹಿಂದಿನ ಟೈರಿನ ಗಾಳಿ ಇನ್ನೊಂದು ಸಲ ನೋಡು ಎಂದು ಹೇಳಿ, ನನ್ನ ಯೆಜ್ಡಿಯ ಟ್ಯಾಂಕಿನ ಮೇಲೆ ಒಮ್ಮೆ ಕೈಯಾಡಿಸಿ ಚಹಾಕ್ಕೆ ಕರೆದ.